ಮೊಹರು ಹಾಕಿದ ಡಬ್ಬಿ

ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳವಾಯಿತು. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತಿದ್ದ ಗೊಲ್ಲಾಳಪ್ಪ ಕಣ್ಣು ತೆರೆಯಲಿಲ್ಲ, ಆದರೆ ಕಿವಿ ಅತ್ತ ಹೋಯಿತು. ಕೊಡದ ಸಪ್ಪಳವಲ್ಲ, ತಾಟಿನದೂ ಅಲ್ಲ, ಡಬ್ಬಿಯದೇ. ಯಾವ ಡಬ್ಬಿ? ನಿನ್ನೆ ಊಟವಾದ ಮೇಲೆ ಅವನೇ ಕೂತು ಮನೆಯಲ್ಲಿದ್ದ ತಿನಿಸಿನ ಡಬ್ಬಿಗಳಿಗೆಲ್ಲ, ಶೇಂಗಾ ಉಂಡಿಯದಕ್ಕೆ, ಚೂಡಾದ್ದಕ್ಕೆ, ಬಿಸ್ಕೀಟಿನದಕ್ಕೆ, ಸುತಳಿ ಸುತ್ತಿ, ಗಂಟಿನ ಮೇಲೆ ಕೆಂಪು ಅರಗು ಕರಗಿಸಿ, ಮೊಹರು ಒತ್ತಿದ್ದ. ಕಾಚಿಗೂಡ ಸ್ಟೇಷನ್ನಿನ ಪಾರ್ಸಲ್ ಗುಮಾಸ್ತನಿಗೆ ಅದೇನು ದೊಡ್ಡ ಕೆಲಸವಲ್ಲ. ಹಳೆಯದಾಯಿತೆಂದು ಮೂಲೆಗೆ ಒಗೆದಿದ್ದ ಹಿತ್ತಾಳೆ ಮುದ್ರೆಯೊಂದು ಅವನ ಬಳಿ ಇತ್ತು. ಹೆಂಡತಿ ರೇಣುಕಾ ಬಾಗಿಲಿಗೆ ಒರಗಿ ನಿಂತು ನೋಡಿ, ಏನೂ ಅನ್ನದೆ ಹೋಗಿ ಮಲಗಿದ್ದಳು. ಅನ್ನದೆ ಹೋದದ್ದೇ ಅವನಿಗೆ ಅನುಮಾನ. ಇವತ್ತು ಮಗಳು ಭಾಗ್ಯಶ್ರೀಗೆ ಆಪರೇಶನ್ನು, ಗಂಟಲೊಳಗಿನ ಟಾನ್ಸಿಲ್ ತೆಗೆಯುವುದು. ಹನ್ನೊಂದು ವರ್ಷದ ಹುಡುಗಿ ಮುದುಕರ ಹಾಗೆ ಗೊರಕೆ ಹೊಡೆಯುತ್ತಿದ್ದಳು. ನಡುವೆ ಒಮ್ಮೊಮ್ಮೆ ಉಸಿರೇ ನಿಂತು, ಅದು ಮತ್ತೆ ಬರುವ ತನಕ ಮನೆಯವರೆಲ್ಲ ಎದ್ದು ಕೂತು ಕಾಯಬೇಕಾಗುತ್ತಿತ್ತು. ಮೈ ಜಾಸ್ತಿ, ಗಂಟಲ ದಾರಿ ಸಣ್ಣದು ಎಂದಿದ್ದರು ಡಾಕ್ಟರು. ಇನ್ನೂ ಒಂದು ಮಾತು ಹೇಳಿದ್ದರು: ಹಿಂದಿನ ರಾತ್ರಿ ಊಟದ ನಂತರ ಏನೂ ಕೊಡಬೇಡಿ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮತ್ತಿನಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ದಪ್ಪ ಮಕ್ಕಳಲ್ಲಿ ಆ ಭಯ ಹೆಚ್ಚು, ಜೀವಕ್ಕೇ ಕುತ್ತು. ಈ ಮಾತನ್ನು ಅವನು ಮನೆಗೆ ಬಂದು ಹೆಂಡತಿಗೆ ಹೇಳಿದ, ಲಿಂಗಸುಗೂರಿನಿಂದ ಬಂದಿದ್ದ ತಾಯಿಗೆ ಹೇಳಿದ, ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ. ಹೇಳಿದ್ದು ಯಾರ ಕಿವಿಗೂ ಇಳಿದಿಲ್ಲವೆಂದೇ ಅವನ ಗಟ್ಟಿ ನಂಬಿಕೆ.

ಹುಡುಗಿ ಹೆದರಬಾರದೆಂದು ತಾನೇ ಒಂದು ಉಪಾಯವನ್ನೂ ಮಾಡಿದ್ದ. "ನಾಳೆ ಸೋಮವಾರ. ಹೆಂಗೂ ನಂದು ಉಪವಾಸ ಇರ್ತೈತಿ. ನೀನೂ ನನ್ನ ಕೂಡ ಉಪವಾಸ ಮಾಡವಾ. ಇಬ್ಬರೂ ಕೂಡೇ ಮಾಡೂಣು" ಎಂದಿದ್ದ. ಹುಡುಗಿಗೆ ಖುಷಿಯಾಗಿತ್ತು. ಸೋಮವಾರದ ಉಪವಾಸವೆಂದರೆ ಏನೆಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ: ಬೆಳಿಗ್ಗೆ ಲಿಂಗಪೂಜೆಯ ಪ್ರಸಾದ, ಆಮೇಲೆ ಸಂಜೆ ದೀಪ ಹಚ್ಚುವ ತನಕ ಏನೂ ಇಲ್ಲ. ಅವನಪ್ಪ ಅಮರೇಶಪ್ಪ ಸಾಯುವ ತನಕ ಹಾಗೇ ನಡೆಸಿದ್ದ, ಇವನೂ ಹಾಗೇ ನಡೆಸಿದ್ದ. ಈಗ ಮಗಳು ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ಅವನ ಪಕ್ಕದ ಮಣೆಯ ಮೇಲೆ ಕಾಲು ಮಡಚಲು ಒದ್ದಾಡುತ್ತ ಕೂತಿದ್ದಳು. ಕಾಲು ಮಡಚಿ ಕೂರುವುದು ಅವಳಿಗೆ ಕಷ್ಟ, ಆದರೂ ಪೂಜೆಗೆ ಮಾತ್ರ ಮಡಚಿಯೇ ಕೂರುತ್ತಿದ್ದಳು. ಸೋಮವಾರವಾದ್ದರಿಂದ ಬಿಲ್ವಪತ್ರೆ ಜಾಸ್ತಿ, ಎಡೆಯೂ ಜಾಸ್ತಿ: ಬೆಳ್ಳಿ ಬಟ್ಟಲಿನ ತುಂಬ ಹಾಲು, ಅದರಲ್ಲಿ ಕಿವುಚಿದ ಬಾಳೆಹಣ್ಣು, ಮೇಲೊಂದಿಷ್ಟು ಸಕ್ಕರೆ. ಲಿಂಗಕ್ಕೆ ಎಡೆ ತೋರಿಸಿ, ತಾನು ಅರ್ಧ ಸ್ವೀಕರಿಸಿ, ಉಳಿದರ್ಧವನ್ನು ಬಟ್ಟಲಸಮೇತ ಮಗಳ ಕೈಗೆ ಕೊಟ್ಟ. ಅವಳು ಬಟ್ಟಲು ಹಿಡಿದುಕೊಂಡು ಅವನ ಮುಖವನ್ನೇ ನೋಡಿದಳು. ಅವನ ಕಿವಿ ಇನ್ನೂ ಅಡುಗೆಮನೆಯಲ್ಲೇ ಇತ್ತು. ಅವನು ತಲೆ ಅಲ್ಲಾಡಿಸಿ "ಹೂಂ" ಎಂದ. ಅವಳು ಬಟ್ಟಲನ್ನು ಕಣ್ಣಿಗೊತ್ತಿಕೊಂಡು ಕುಡಿದಳು, ತಳಕ್ಕಂಟಿದ ಹಣ್ಣನ್ನು ಬೆರಳಿನಿಂದ ತೆಗೆದು ನೆಕ್ಕಿದಳು. ಪ್ರಸಾದ ಬಿಡಬಾರದೆಂದು ಅವನೇ ಕಲಿಸಿದ್ದ.

ಲಿಂಗವನ್ನು ಕರಡಿಗೆಯೊಳಗಿಟ್ಟು ಎದ್ದವನೇ ನೆಟ್ಟಗೆ ಅಡುಗೆಮನೆಗೆ ಹೋದ. "ಡಬ್ಬಿ ಯಾರು ತೆಗದ್ರಿ?"

"ಚಾಪುಡಿ ಡಬ್ಬಿರೀ" ಎಂದಳು ರೇಣುಕಾ, ತಿರುಗಿ ನೋಡದೆ. "ಅದಕ್ಕೂ ಮೊಹರು ಹಾಕೋದಿತ್ತೇನು? ಹೇಳಿದ್ರ ಮುಂದ ತಂದಿಡತಿದ್ದೆ."

ಒಲೆಯ ಪಕ್ಕದಲ್ಲಿ ಚಹಾ ಆರಿಸಿಕೊಳ್ಳುತ್ತ ಕೂತಿದ್ದ ತಾಯಿ ಸಾವಿತ್ರಿಬಾಯಿಗೆ ನಗು ತಡೆಯಲಾಗಲಿಲ್ಲ. "ಏನೋ ತಮ್ಮಾ, ಉಂಡಿ ಡಬ್ಬಿ ಬುಕ್ ಮಾಡಿಟ್ಟೀಯಲ್ಲ, ಯಾವೂರಿಗೆ ಕಳಸಾಂವ ಇದ್ದಿ?"

"ನಗಬ್ಯಾಡ ಯವ್ವಾ. ಹುಡುಗಿ ಜೀವದ ಪ್ರಶ್ನಾ ಐತಿ."

"ನನ್ನ ಮೊಮ್ಮಗಳ ಜೀವ ನನಗ ಗೊತ್ತಿಲ್ಲೇನು? ನಿನಗೊಬ್ಬಾಂವಗ ಗೊತ್ತೈತಿ" ಎಂದು ಮುದುಕಿ ಬಸಿಯಲ್ಲಿದ್ದ ಚಹಾ ಸುರ್ರೆಂದು ಹೀರಿದಳು. ಅವನು ಹಲಗೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಮೊಹರು ಒಡೆದಿರಲಿಲ್ಲ, ಸುತಳಿ ಜರುಗಿರಲಿಲ್ಲ. ಆದರೂ ಸಮಾಧಾನವಾಗಲಿಲ್ಲ. ಹತ್ತೊಂಬತ್ತು ವರ್ಷ ಪಾರ್ಸಲ್ ಆಫೀಸಿನಲ್ಲಿ ಕೂತವನಿಗೆ ಒಡೆಯದ ಮೊಹರಿನ ಕೆಳಗೂ ಮಾಲು ಹೊರಗೆ ಹೋಗುತ್ತದೆಂದು ಗೊತ್ತಿರುತ್ತದೆ. ಬಟ್ಟೆ ಎಂದು ಬರೆಸಿದ ಗಂಟಿನಲ್ಲಿ ಕಬ್ಬಿಣ ಇರುತ್ತದೆ, ನಲವತ್ತು ಕಿಲೋ ಎಂದು ಹೇಳಿದವನ ಮೂಟೆಗೆ ಕಾಟಾ ಬೇರೆಯೇ ಹೇಳುತ್ತದೆ. ಹೇಳಿದ್ದನ್ನು ಹೇಳಿದ ಹಾಗೇ ನಂಬಿದರೆ ಅವನನ್ನು ಆ ಕುರ್ಚಿಯಲ್ಲಿ ಯಾಕೆ ಕೂರಿಸುತ್ತಿದ್ದರು?

ಅವನು ಆಟೋ ತರಲು ಹೋಗಿ ಬರುವಷ್ಟರಲ್ಲಿ ಹುಡುಗಿ ಚಪ್ಪಲಿ ಹಾಕಿಕೊಂಡು, ಸಣ್ಣ ಚೀಲ ಹೆಗಲಿಗೇರಿಸಿ ನಿಂತಿದ್ದಳು. ಅಜ್ಜಿ ಅವಳ ಎರಡೂ ಕೆನ್ನೆ ಸವರಿ ಲಟಿಕೆ ಮುರಿಯುತ್ತಿದ್ದಳು. ಇವನು ಬಂದದ್ದನ್ನು ನೋಡಿ ಇಬ್ಬರೂ ಮಾತು ನಿಲ್ಲಿಸಿದರು. ಏನು ಮಾತಾಡುತ್ತಿದ್ದಿರಿ ಎಂದು ಕೇಳಬೇಕೆನಿಸಿತು. ಆಟೋದವನು ಅವಸರ ಮಾಡಿದ. ಮಲ್ಕಾಜ್‌ಗಿರಿ ಕ್ವಾರ್ಟರ್ಸಿನ ಕಾಂಪೌಂಡು ದಾಟಿ ಸಿಕಂದರಾಬಾದ್ ಮುಟ್ಟುವ ತನಕ ಅವನು ಅದನ್ನೇ ಹಿಡಿದು ಜಗ್ಗಾಡುತ್ತಿದ್ದ: ಯಾಕೆ ಮಾತು ನಿಲ್ಲಿಸಿದರು?

ಲಿಂಗಂಪಲ್ಲಿ ಲೋಕಲ್ಲಿನಲ್ಲಿ ಆಗಲೇ ಕೊರಳಿಗೆ ಪಟ್ಟಿ ಹಾಕಿಕೊಂಡ ಹುಡುಗರು ತುಂಬಿದ್ದರು. ಪಟ್ಟಿಯ ತುದಿಗೆ ಫೋಟೋ ಇರುವ ಕಂಪನಿಯ ಬಿಲ್ಲೆ. ಅದನ್ನು ಅಂಗಿಯ ಕಿಸೆಯೊಳಗೆ ತುರುಕಿಕೊಂಡವರು ಕೆಲವರು, ಎದೆಯ ಮೇಲೆ ಬಿಟ್ಟುಕೊಂಡವರು ಹಲವರು. ಮೂವರು ಕೂರುವ ಸೀಟಿನಲ್ಲಿ ರೇಣುಕಾ, ಭಾಗ್ಯಶ್ರೀ ಕೂತ ಮೇಲೆ ಮೂರನೆಯವನಾಗಿ ಕೂತಿದ್ದ ಹುಡುಗನೊಬ್ಬ ಹುಡುಗಿಯನ್ನು ಒಮ್ಮೆ ನೋಡಿ, ಏನೂ ಆಗಿಲ್ಲವೆಂಬಂತೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ಭಾಗ್ಯಶ್ರೀ ಕಿಟಕಿಯ ಕಡೆಗೆ ಇನ್ನಷ್ಟು ಒತ್ತಿಕೊಂಡಳು. ಗೊಲ್ಲಾಳಪ್ಪನಿಗೆ ಅವನ ಕೊರಳಪಟ್ಟಿ ಹಿಡಿದು ಎಳೆಯಬೇಕೆನಿಸಿತು. ಹಾಗೆ ಅನಿಸಿದಾಗಲೇ ಹೋದ ದಸರಾ ರಜೆ ನೆನಪಾಯಿತು, ಬೇಡವೆಂದರೂ ನೆನಪಾಗುತ್ತದೆ ಅದು. ಮಗಳನ್ನು ಆಫೀಸಿಗೆ ಕರೆದೊಯ್ದಿದ್ದ, ರೈಲು ತೋರಿಸುತ್ತೇನೆಂದು. ಸುಮ್ಮನೆ, ನಿಜವಾಗಿಯೂ ಸುಮ್ಮನೆ, ಮೂಟೆಗಳನ್ನು ತೂಗುವ ಕಾಟಾದ ಮೇಲೆ ಹತ್ತಿಸಿದ್ದ. ಮುಳ್ಳು ಐವತ್ತೆಂಟಕ್ಕೆ ಹೋಗಿ ನಿಂತಿತು. "ಸಾಹೇಬ್ರ, ಈ ಮಾಲಿಗೆ ಇಬ್ಬರು ಬೇಕ್ರಿ ಎತ್ತಾಕ" ಎಂದಿದ್ದ ಹಮಾಲ ದ್ಯಾವಪ್ಪ. ಎಲ್ಲರೂ ನಕ್ಕರು. ಇವನೂ ನಕ್ಕ. ಹುಡುಗಿಯೂ ನಕ್ಕಳು, ಎಲ್ಲರಿಗಿಂತ ಜೋರಾಗಿ. ಆಮೇಲೆ ಅವಳು ಸ್ಟೇಷನ್ನಿಗೆ ಬರುತ್ತೇನೆಂದು ಒಮ್ಮೆಯೂ ಅನ್ನಲಿಲ್ಲ. ಎದ್ದು ಹೋದ ಈ ಹುಡುಗನ ಮೇಲೆ ಯಾವ ಮುಖ ಇಟ್ಟುಕೊಂಡು ಸಿಟ್ಟಾಗುವುದು?

ಖಾಲಿಯಾದ ಜಾಗದಲ್ಲಿ ಅವನೇ ಕೂತ. ಗಾಡಿ ಬೇಗಂಪೇಟೆ ಬಿಟ್ಟಿತ್ತು. ಹುಡುಗಿ ಅವನ ಕಡೆ ತಿರುಗಿ "ಅಪ್ಪಾ, ಆಪರೇಶನ್ ಆದ ಮ್ಯಾಲೆ ಐಸ್‌ಕ್ರೀಮ್ ಕೊಡ್ತಾರಂತ, ಖರೇನಾ?" ಎಂದಳು. ಆ ಮಾತಿನ ಜೊತೆಗೇ ಅವಳ ಬಾಯಿಂದ ಬಾಳೆಹಣ್ಣಿನ ವಾಸನೆ ಬಂತು.

ಅವನು ಅವಳ ಗಲ್ಲ ಹಿಡಿದೆತ್ತಿದ. "ಬಾಯಿ ತೆರಿ."

"ಯಾಕಪ್ಪಾ?"

"ತೆರಿ ಅಂದೆ." ಅವಳು ತೆರೆದಳು. ಅವನು ಮುಖ ಹತ್ತಿರ ಒಯ್ದು ಮೂಸಿದ. ಬಾಳೆಹಣ್ಣೇ. ಎದುರು ಸೀಟಿನ ಹುಡುಗಿಯೊಬ್ಬಳು ಕಿವಿಗೆ ಸಿಕ್ಕಿಸಿಕೊಂಡಿದ್ದ ವೈರು ತೆಗೆದು ನೋಡತೊಡಗಿದಳು. "ಏನು ತಿಂದಿ? ಆಯಿ ಬಾಳಿಹಣ್ಣ ಕೊಟ್ಟಳೇನು?"

"ಇಲ್ಲಪ್ಪಾ. ಆಯಿ ಕೊಟ್ಟಿಲ್ಲ."

"ಏನ್ರೀ ಇದು, ಮಂದಿ ನೋಡಾಕತ್ತಾರ" ಎಂದು ರೇಣುಕಾ ಹಲ್ಲು ಕಚ್ಚಿ ಅಂದಳು. ಅವನಿಗೆ ಮಂದಿಯ ಗೊಡವೆ ಇರಲಿಲ್ಲ. ಎರಡು ಪ್ರಶ್ನೆ ಕೇಳಿದ್ದ. ಹುಡುಗಿ ಒಂದಕ್ಕೆ ಮಾತ್ರ ಉತ್ತರ ಕೊಟ್ಟಿದ್ದಳು. ಕೌಂಟರಿನ ಆಚೆ ನಿಂತವರು ಹೀಗೇ ಮಾಡುತ್ತಾರೆ, ಕೇಳಿದ್ದರಲ್ಲಿ ತಮಗೆ ಬೇಕಾದ್ದಕ್ಕಷ್ಟೇ ಬಾಯಿ ಬಿಡುತ್ತಾರೆ. ಆಯಿ, ಅಂದರೆ ಅಜ್ಜಿ, ಕೊಟ್ಟಿಲ್ಲ. ಹಾಗಾದರೆ ಇನ್ಯಾರೋ ಕೊಟ್ಟಿದ್ದಾರೆ. ಮನೆಯಲ್ಲಿ ಇನ್ನಾರಿದ್ದಾರೆ? ಅವನು ಹೆಂಡತಿಯ ಮುಖ ನೋಡಿದ. ಅವಳು ಕಿಟಕಿಯಾಚೆ ಕಟ್ಟುತ್ತಿದ್ದ ಯಾವುದೋ ಗಾಜಿನ ಕಟ್ಟಡ ನೋಡುತ್ತಿದ್ದಳು. ಇವಳೇ. ಚಾಪುಡಿ ಡಬ್ಬಿ ಅಂದವಳು. ಹೆತ್ತವಳ ಕರುಳು, ಮಗು ಹಸಿದಿರಬಾರದು ಎಂದು ಸ್ನಾನದ ಮನೆಯಲ್ಲೇ ಒಂದು ಹಣ್ಣು ಸುಲಿದು ಕೊಟ್ಟಿರುತ್ತಾಳೆ. ಸಿಪ್ಪೆ ಎಲ್ಲಿ ಒಗೆದಳು? ಕಸದ ಬುಟ್ಟಿ ನೋಡಬೇಕಾಗಿತ್ತು. ಛೆ, ಕಸದ ಬುಟ್ಟಿ ನೋಡುವುದು ಮರೆತೆನಲ್ಲ! ಅವನು ತನ್ನ ಬಾಯಿ ಒರೆಸಿಕೊಂಡ. ಅವನ ಬಾಯಲ್ಲೂ ಅದೇ ರುಚಿ ಇತ್ತು, ಆದರೆ ಅವನು ಅದನ್ನು ತಿನಿಸೆಂದು ಎಣಿಸಿ ಗೊತ್ತಿಲ್ಲದವನು.

ಹೈಟೆಕ್ ಸಿಟಿ ಸ್ಟೇಷನ್ನಿನಿಂದ ಆಸ್ಪತ್ರೆಗೆ ಮತ್ತೆ ಆಟೋ. ಆಸ್ಪತ್ರೆಯೂ ಗಾಜಿನದೇ. ಒಳಗೆ ಕಾಲಿಟ್ಟರೆ ಔಷಧದ ವಾಸನೆಯ ಬದಲು ಕಾಫಿಯ ವಾಸನೆ, ಅದೂ ಅವನಿಗೆ ಸರಿಕಾಣಲಿಲ್ಲ. ಬೆಳಿಗ್ಗೆ ಒಳಗೆ ಹೋಗುವುದು, ಕೊಯ್ಯಿಸಿಕೊಳ್ಳುವುದು, ಉಸಿರಾಟ ಸರಿ ಇದ್ದರೆ ಸಂಜೆ ಮನೆಗೆ. ಇದೆಂಥ ಆಪರೇಶನ್ನು? ಅಪ್ಪನ ಹರ್ನಿಯಾಕ್ಕೆ ರಾಯಚೂರಿನಲ್ಲಿ ಇಡೀ ಮನೆತನವೇ ಬಂದು ಬೇವಿನ ಮರದ ಕೆಳಗೆ ಬಿಡಾರ ಹೂಡಿತ್ತು. ರೊಟ್ಟಿ ಗಂಟು, ಚಟ್ನಿಪುಡಿ, ಕಂಬಳಿ, ನೋಡಲು ಬಂದವರ ಅಳು. ಇಲ್ಲಿ ಅಳುವುದಕ್ಕೂ ಜಾಗ ಇದ್ದಂತಿಲ್ಲ. ಇವರಿಗೆ ಮಂಚ ಬೇಗ ಖಾಲಿಯಾಗಬೇಕು, ಅಷ್ಟೇ, ಇನ್ನೊಬ್ಬರನ್ನು ಮಲಗಿಸಲು. ರೈಲ್ವೆ ಡಾಕ್ಟರು ಬರೆದುಕೊಟ್ಟಿದ್ದಾರೆಂದು ಬಂದದ್ದು. ಅವರಿಗೂ ಇವರಿಗೂ ಏನು ನೆಂಟಸ್ತಿಕೆಯೋ ಯಾರಿಗೆ ಗೊತ್ತು.

ಹೆಸರು ಕೂಗಿದಾಗ ನರ್ಸು ಬಂದು ಹುಡುಗಿಯ ಕೈಗೆ ಪಟ್ಟಿ ಕಟ್ಟಿದಳು. ಮಕ್ಕಳ ಪಟ್ಟಿ ಮಣಿಕಟ್ಟಿಗೆ ಸಾಲದೆ ಒಳಗೆ ಹೋಗಿ ದೊಡ್ಡವರದು ತಂದಳು. "ಪಾಪ ಏಮನ್ನಾ ತಿನ್ನದಾ ಪೊದ್ದುನ?" ಎಂದು ತೆಲುಗಿನಲ್ಲಿ ಕೇಳಿದಳು. ಬೆಳಿಗ್ಗೆ ಏನಾದರೂ ತಿಂದಿದ್ದಾಳೆಯೇ? ಈ ಪ್ರಶ್ನೆಗೆ ಅವನು ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದ, ಆದರೂ ನಾಲಿಗೆ ತಡವರಿಸಿತು. ತಿಂದಿದ್ದಾಳೆ, ನನ್ನ ಹೆಂಡತಿ ಕದ್ದು ತಿನ್ನಿಸಿದ್ದಾಳೆ ಎನ್ನಬೇಕೆ? ಎಂದರೆ ರೇಣುಕಾ ಇಲ್ಲೇ ಗದ್ದಲ ಮಾಡುತ್ತಾಳೆ. ಇಲ್ಲ ಎಂದರೆ? ಅವನು "ಏಮೀ ತಿನಲೇದು" ಎಂದ, ಏನೂ ತಿಂದಿಲ್ಲ. ಆಮೇಲೆ ತನ್ನ ಮಾತಿಗೆ ತಾನೇ ಜಾಮೀನು ನಿಲ್ಲುವವನಂತೆ, ಇವತ್ತು ತನ್ನದೂ ಉಪವಾಸ, ಮಗಳ ಜೊತೆ ತಾನೂ ಏನೂ ತಿಂದಿಲ್ಲ ಎಂದೂ ಸೇರಿಸಿದ. ನರ್ಸು ಅವನ ಹಣೆಯ ವಿಭೂತಿ ನೋಡಿ ನಕ್ಕಳು. ಭಾಗ್ಯಶ್ರೀ ಅಪ್ಪನ ಮುಖ ನೋಡಿದಳು, ಬೆಳಿಗ್ಗೆ ಬಟ್ಟಲು ಹಿಡಿದು ನೋಡಿದ ಹಾಗೆಯೇ, ಮತ್ತೆ ತಲೆ ತಗ್ಗಿಸಿದಳು. ಆ ತಲೆ ತಗ್ಗಿಸಿದ್ದು ಸಾಕಾಯಿತು ಅವನಿಗೆ. ನರ್ಸು ಆಚೆ ಹೋದದ್ದೇ ಹುಡುಗಿಯ ರಟ್ಟೆ ಹಿಡಿದು ಮೂಲೆಗೆ ಕರೆದೊಯ್ದ.

"ಖರೇ ಹೇಳು. ಒಳಗ ಹೋದ ಮ್ಯಾಲೆ ಏನೂ ಮಾಡಾಕ ಬರಂಗಿಲ್ಲ. ಏನು ತಿಂದಿ?"

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಕೈ ಅವಳ ಚೀಲಕ್ಕೆ ಹೋಗಿತ್ತು. ಟವೆಲು, ಬಾಚಣಿಕೆ, ಬಣ್ಣದ ಪೆನ್ಸಿಲ್ಲು, ಅದರ ಕೆಳಗೆ ಅಜ್ಜಿಯ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು. ಬಿಚ್ಚಿದ. ಶೇಂಗಾ ಉಂಡಿ, ಎರಡು. ಕಾಯುತ್ತ ಕೂತವರೆಲ್ಲ ನೋಡುತ್ತಿದ್ದರು. ಒಬ್ಬಳು ಹೆಂಗಸು ಉಂಡಿಯನ್ನೂ ಹುಡುಗಿಯನ್ನೂ ಒಟ್ಟಿಗೆ ನೋಡಿ ಪಕ್ಕದವಳ ಕಿವಿಯಲ್ಲಿ ಏನೋ ಅಂದಳು.

"ಸಂಜಿಕ ತಿನ್ನು ಅಂತ ಆಯಿ ಕೊಟ್ಟಾಳ" ಎಂದಳು ಹುಡುಗಿ. "ಆಪರೇಶನ್ ಆದ ಮ್ಯಾಲೆ. ನಾ ಮುಟ್ಟಿಲ್ಲಪ್ಪಾ."

"ಎಷ್ಟು ಕೊಟ್ಟಿದ್ದಳು?"

"ಎರಡ."

ಗೋಡೆಗೆ ಒಂದು ರೂಪಾಯಿ ಹಾಕುವ ಫೋನು ಇತ್ತು. ಮನೆಗೆ ಹಚ್ಚಿದ. ಸಾವಿತ್ರಿಬಾಯಿ ಎತ್ತಿ, ಆಪರೇಶನ್ ಆಗಿಯೇ ಹೋಯಿತೆಂದು ತಿಳಿದು "ಆತೇನೋ ತಮ್ಮಾ? ಕೂಸು ಹೆಂಗ ಐತಿ?" ಎಂದು ಅಳುವುದಕ್ಕೇ ಸುರುಮಾಡಿದಳು. "ಮೊಹರು ಒಡದೀಯೇನು?" ಎಂದ ಅವನು. "ಒಡದೆ" ಎಂದಳು ಮುದುಕಿ, ಅಳು ಬಿಟ್ಟು. "ನನ್ನ ಕೈಯಾಗಿನ ಉಂಡಿ, ನನ್ನ ಮೊಮ್ಮಗಳು. ಎರಡ ಕಟ್ಟಿಕೊಟ್ಟೆ. ಗಂಟಲಾ ಕೊಯ್ಯಿಸಿಕೊಂಡ ಕೂಸಿಗೆ ಬಾಯಿ ಸೀ ಮಾಡಬಾರದೇನು?" ಅವನು ಫೋನು ಇಟ್ಟ. ಮೊಹರು ಒಡೆದವಳು ಎರಡೇ ತೆಗೆದಳೆಂದು ಯಾವ ಗ್ಯಾರಂಟಿ? ಒಂದನ್ನು ಬಾಯಿಗೆ ಹಾಕಿಯೇ ಎರಡನ್ನು ಕಟ್ಟಿಕೊಟ್ಟಿರುತ್ತಾಳೆ. ಬಾಳೆಹಣ್ಣು ಹೆಂಡತಿ, ಉಂಡಿ ತಾಯಿ, ಸುಳ್ಳು ಮಗಳು. ಮೂವರೂ ಕೂಡಿ ನಡೆಸಿದ್ದಾರೆ. ವಾಪಸು ಬಂದವನು ಆ ಗಂಟನ್ನು ಎತ್ತಿ, ಕಾಲಿನಿಂದ ಒತ್ತಿದರೆ ಬಾಯಿ ತೆರೆಯುವ ಸ್ಟೀಲಿನ ಕಸದ ಡಬ್ಬಿಗೆ ಒಗೆದ. ಉಂಡಿ ತಳಕ್ಕೆ ಬಿದ್ದ ಸಪ್ಪಳ ಎಲ್ಲರಿಗೂ ಕೇಳಿಸಿತು. ಹುಡುಗಿ ಅಳಲಿಲ್ಲ. ಬಾಚಣಿಕೆ, ಪೆನ್ಸಿಲ್ಲುಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಆಮೇಲೆ ಅವಳನ್ನು ಒಳಗೆ ಕರೆದರು. ಹಸಿರು ಅಂಗಿ ತೊಡಿಸಿದ್ದರು. ಹಿಂದೆ ಕಟ್ಟುವ ಲಾಡಿ ಕೂಡುತ್ತಿರಲಿಲ್ಲ. ಅವಳು ಒಂದು ಕೈ ಹಿಂದಕ್ಕೆ ಮಾಡಿ ಅಂಗಿಯನ್ನು ಹಿಡಿದುಕೊಂಡು, ಇನ್ನೊಂದು ಕೈಯನ್ನು ನರ್ಸಿನ ಕೈಗೆ ಕೊಟ್ಟು, ಆ ಉದ್ದ ಮೊಗಸಾಲೆಯಲ್ಲಿ ನಡೆದು ಹೋದಳು. ಬಾಗಿಲ ಹತ್ತಿರ ತಿರುಗಿ ನೋಡಿದಳು. ಗೊಲ್ಲಾಳಪ್ಪನಿಗೆ ಓಡಿಹೋಗಿ ನಿಲ್ಲಿಸಬೇಕೆನಿಸಿತು, ತಿಂದಿದ್ದಾಳೆ, ಮುಟ್ಟಬೇಡಿ ಎಂದು ಕೂಗಬೇಕೆನಿಸಿತು. ಆದರೆ ತಿಂದದ್ದಕ್ಕೆ ಸಾಕ್ಷಿ ಏನು? ವಾಸನೆ. ವಾಸನೆ ನಂಬಿ ಆಪರೇಶನ್ ನಿಲ್ಲಿಸುತ್ತಾರೆಯೇ? ತಿಂದಿಲ್ಲವೆಂದು ಹೇಳಿದವನು ನೀನೇ ಅಲ್ಲವೇ ಎನ್ನುತ್ತಾರೆ. ಬಾಗಿಲು ಮುಚ್ಚಿತು.

"ನೀ ಬಾಳಿಹಣ್ಣ ಕೊಟ್ಟೀಯೇನು? ಈಗರ ಹೇಳು" ಎಂದ ಹೆಂಡತಿಗೆ.

ರೇಣುಕಾ ಅವನನ್ನು ದಿಟ್ಟಿಸಿ ನೋಡಿದಳು. "ನಾ ಕೊಟ್ಟಿಲ್ಲ. ಕೊಟ್ಟಿದ್ರ ನಾನ ಹೇಳತಿದ್ದೆ, ಹೆತ್ತಾಕಿ ಅದೀನಿ. ನಿಮಗ ಎಲ್ಲಾರೂ ಕಳ್ಳರ ಕಾಣತೇವಿ. ಆಫೀಸನ್ಯಾಗ ಮಂದಿ ಗಂಟು ಬಿಚ್ಚಿ ನೋಡ್ತೀರಿ, ಇಲ್ಲೆ ಏನು ಬಿಚ್ಚಿ ನೋಡ್ತೀರಿ? ಕೂಸಿನ ಹೊಟ್ಟೀನಾ?" ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಒಂದು ಕುರ್ಚಿ ಆಚೆಗೆ ಸರಿದು ಕೂತಳು. ಅವನು ಸುಳ್ಳಿನ ಗುರುತು ಹುಡುಕಿದ, ಸಿಗಲಿಲ್ಲ. ಸಿಗದಿದ್ದಾಗ ಅವನಿಗೆ ಯಾವತ್ತೂ ಭಯ ಜಾಸ್ತಿ.

ಬಾಗಿಲು ಇಷ್ಟು ಬೇಗ ತೆರೆಯಬಾರದಿತ್ತು. ಹಸಿರು ಟೊಪ್ಪಿಗೆಯ ಡಾಕ್ಟರಮ್ಮ, ಅರಿವಳಿಕೆ ಕೊಡುವವಳು, ಒಬ್ಬಳೇ ಹೊರಗೆ ಬಂದಳು. ಗೊಲ್ಲಾಳಪ್ಪ ಎದ್ದು ನಿಂತ. ಅವಳು ಹಿಂದಿಯಲ್ಲಿ, ಮೆತ್ತಗೆ, ಇವತ್ತು ಮನೆಯಲ್ಲಿ ಪೂಜೆ ಆಯಿತೇ ಎಂದು ಕೇಳಿದಳು. ಇದೆಂಥ ಪ್ರಶ್ನೆ? ವಿಭೂತಿ ನೋಡಿ ಹಾಸ್ಯ ಮಾಡುತ್ತಿದ್ದಾಳೆಯೇ? ಅಥವಾ ಒಳಗೆ ಏನೋ ಕೆಟ್ಟದ್ದಾಗಿ, ಇನ್ನು ದೇವರನ್ನು ನಂಬಿ ಎನ್ನಲು ಬಂದಿದ್ದಾಳೆಯೇ? ಅವನು ಎದೆ ಸೆಟೆಸಿ, ದಿನಾ ಆಗುತ್ತದೆ, ಸೋಮವಾರ ತಪ್ಪುವುದೇ ಇಲ್ಲ ಎಂದ. ಪ್ರಸಾದ ಏನಿತ್ತು? ಹಾಲು, ಬಾಳೆಹಣ್ಣು. ಎಷ್ಟು? ಎರಡೂ ಕೈ ಎತ್ತಿ ಬಟ್ಟಲಿನ ಅಳತೆ ತೋರಿಸಿದ, ಇಷ್ಟು, ಅದರಲ್ಲಿ ಅರ್ಧ ನಾನು, ಉಳಿದರ್ಧ...

ಕೈಗಳು ಹಾಗೇ ನಿಂತವು. ಅವುಗಳ ನಡುವೆ ಬಟ್ಟಲಿನಷ್ಟು ಜಾಗ ಖಾಲಿ ಇತ್ತು. "ಅದು ಪ್ರಸಾದರೀ ಮೇಡಂ" ಎಂದ, ಕನ್ನಡದಲ್ಲಿ. ಅವಳಿಗೆ ಅರ್ಥವಾಗಲಿಲ್ಲ, ಅಥವಾ ಆಯಿತೋ. ಹುಡುಗಿಯೇ ಹೇಳಿದಳು, ಮುಖಕ್ಕೆ ಮಾಸ್ಕ್ ಹಿಡಿಯುವ ಮುಂಚೆ, ಕೊನೆಯ ಸಲ ಕೇಳಿದಾಗ ಹೇಳಿದಳು ಎಂದಳು ಡಾಕ್ಟರಮ್ಮ. ಹೇಳದಿದ್ದರೆ ಏನಾಗುತ್ತಿತ್ತೆಂದು ಅವಳು ವಿವರಿಸಲಿಲ್ಲ. ಇವತ್ತು ಆಗುವುದಿಲ್ಲ, ಗುರುವಾರ ಬನ್ನಿ, ಆ ದಿನ ಪೂಜೆಯ ಹಾಲೂ ಬೇಡ. ಒಳಗೆ ಹೋಗುವ ಮುನ್ನ ಇನ್ನೊಂದು ಮಾತು ಹೇಳಿದಳು: "ಬಚ್ಚೀ ಬೋಲೀ, ಪಾಪಾ ಕೋ ಮತ್ ಡಾಂಟೋ." ಅಪ್ಪನಿಗೆ ಬೈಯಬೇಡಿ ಅಂದಳಂತೆ.

ನಾನೇ. ನನ್ನ ಕೈಯಾರೆ, ಕಣ್ಣಿಗೊತ್ತಿಕೊಂಡು ಕುಡಿ ಎಂದು ಕಲಿಸಿದ ಕೈಯಿಂದಲೇ, ಮಗಳನ್ನು ಕೊಲ್ಲುತ್ತಿದ್ದೆ. ಇದು ಬಹಳ ಸರಳವಾದ ಮಾತು, ಆದರೂ ಅವನ ಮನಸ್ಸು ಅದರ ಹತ್ತಿರ ಹೋಗಿ ಹೋಗಿ ವಾಪಸು ಬರುತ್ತಿತ್ತು. ಮೊದಲು ಡಾಕ್ಟರನ್ನು ದೂರಿದ: ಪ್ರಸಾದ ಬೇಡವೆಂದು ಬಾಯಿ ಬಿಟ್ಟು ಹೇಳಬಾರದಿತ್ತೇ? ಆಮೇಲೆ ಹೆಂಡತಿಯನ್ನು: ಎಡೆಗೆ ಹಾಲು ತಂದಿಟ್ಟವಳು ಅವಳಲ್ಲವೇ? ಎಲ್ಲರನ್ನೂ ಸುತ್ತಿ ಬಂದರೂ ಬಟ್ಟಲು ಅವನ ಕೈಯಲ್ಲೇ ಇತ್ತು. ರೇಣುಕಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಅವಳು ಸುಮ್ಮನೆ ಎದ್ದು ಮಗಳ ಬಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಹೊರಗೆ ಕ್ಯಾಂಟೀನಿನಲ್ಲಿ ರೇಣುಕಾ ಇಡ್ಲಿ ತರಿಸಿದಳು. ಭಾಗ್ಯಶ್ರೀ ತಾಟನ್ನು ಅತ್ತ ಸರಿಸಿದಳು. "ಬ್ಯಾಡವ್ವಾ. ಅಪ್ಪಂದೂ ಉಪವಾಸ ಐತೆಲ್ಲ. ಕೂಡೇ ಮಾಡತೇವಂತ ಹೇಳೀನಿ." ಗೊಲ್ಲಾಳಪ್ಪ ಐಸ್‌ಕ್ರೀಮ್ ಕೊಡಿಸುತ್ತೇನೆಂದ. ಅವಳು ತಲೆ ಅಲ್ಲಾಡಿಸಿದಳು. ಅವನು ಬಲವಂತ ಮಾಡಲಿಲ್ಲ. ತಿನ್ನಬೇಡ, ತಿನ್ನಬೇಡ ಎಂದೇ ವರ್ಷಗಟ್ಟಲೆ ಅಂದ ಬಾಯಿಗೆ ತಿನ್ನು ಎನ್ನುವುದು ಹೇಗೆಂದು ಹೊಳೆಯಲಿಲ್ಲ.

ಆಸ್ಪತ್ರೆಯ ಕಾಗದಗಳೆಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ವಾಪಸು ಬರುವ ಲೋಕಲ್ಲು ಖಾಲಿ ಇತ್ತು. ರೇಣುಕಾ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಿದ್ದಳು. ಅವನು ಎದುರಿಗೆ ಕೂತಿದ್ದ ಮಗಳನ್ನು ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದ.

"ನಾ ಕೇಳಿದಾಗ ಯಾಕ ಹೇಳಲಿಲ್ಲವಾ? ಗಾಡ್ಯಾಗ ಕೇಳಿದೆ. ಅಲ್ಲೂ ಕೇಳಿದೆ."

ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಬಟ್ಟಲ ಕೊಟ್ಟಾಗ ಕೇಳಬೇಕಂದೆ. ನೀ ಹೂಂ ಅಂದಿ. ಅಪ್ಪ ಹೂಂ ಅಂದ ಮ್ಯಾಲೆ ಏನೂ ಆಗಂಗಿಲ್ಲ ಅನಕೊಂಡೆ."

"ಆಮ್ಯಾಲೆ?"

"ಆಮ್ಯಾಲೆ ನೀ ಆಯಿನ್ನ ಬೈಯಾಕತ್ತಿ. ಪ್ರಸಾದ ಅಂತ ನಾ ಹೇಳಿದ್ರ, ಆಯಿನ್ನ ಉಳಸಾಕ ಸುಳ್ಳ ಹೇಳತಾಳ ಅಂತಿದ್ದಿ. ನೀ ನಂಬತಿದ್ದಿಲ್ಲಪ್ಪಾ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಯ ವಿಳಾಸ ಹೇಳುವಷ್ಟು ಸಲೀಸಾಗಿ ಹೇಳಿದಳು. "ಆ ಡಾಕ್ಟರಮ್ಮ ಒಮ್ಮೆ ಕೇಳಿದರು. ಹೇಳಿದೆ. ಅವರು ಮೂಸಿ ನೋಡಲಿಲ್ಲ."

ಅವನು ಹೌದು ಎನ್ನಬೇಕಿತ್ತು, ತಪ್ಪಾಯಿತು ಎನ್ನಬೇಕಿತ್ತು. ಬಾಗಿಲ ಹತ್ತಿರ ಕಡಲೆಕಾಯಿ ಮಾರುವವನು ಕೂಗುತ್ತ ಹೋದ. ಹುಡುಗಿಯ ಕಣ್ಣು ಅವನ ಬುಟ್ಟಿಯ ಹಿಂದೆ ಹೋಗಿ, ಅಪ್ಪ ನೋಡುತ್ತಿದ್ದಾನೆಂದು ತಿಳಿದು ವಾಪಸು ಬಂತು. ಅಷ್ಟು ಹಸಿವಿತ್ತು ಅವಳಿಗೆ. ಗೊಲ್ಲಾಳಪ್ಪ ಕರೆಯಲೇ ಎಂದುಕೊಳ್ಳುವಷ್ಟರಲ್ಲಿ ಕಡಲೆಕಾಯಿಯವನು ಮುಂದಿನ ಡಬ್ಬಿಗೆ ಹೋಗಿದ್ದ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸಾವಿತ್ರಿಬಾಯಿ ಹೊಸ್ತಿಲಲ್ಲೇ ಕಾದಿದ್ದಳು, ಕೈಯಲ್ಲಿ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ. ಮಗನ ಮುಖ ನೋಡದೆ ಮೊಮ್ಮಗಳ ಗಲ್ಲ ಹಿಡಿದೆತ್ತಿದಳು. "ಆತೇನವಾ? ಬಾಯಿ ತೆರಿ ನೋಡೂಣು. ನೋವಾತೇನು?"

ಗೊಲ್ಲಾಳಪ್ಪ ಚಪ್ಪಲಿ ಬಿಡುತ್ತಿದ್ದವನು ನಿಂತ. ಹೇಳಬೇಕು. ಈಗ ಹೇಳಬೇಕು. ರೇಣುಕಾ ಅವನ ಕಡೆಗೇ ನೋಡುತ್ತಿದ್ದಳು.

"ಇಲ್ಲ ಆಯಿ, ಆಗಲಿಲ್ಲ" ಎಂದಳು ಭಾಗ್ಯಶ್ರೀ. "ಅಲ್ಲಿ ಮಶೀನ ಕೆಟ್ಟಿತ್ತು. ಗುರುವಾರ ಬರ್ರಿ ಅಂದ್ರು."

"ಹಾಳಾಗಿ ಹೋಗಲಿ ಅವರ ಮಶೀನ. ಕೂಸು ಉಪವಾಸ ಸತ್ತದ್ದಾತು. ಮತ್ತ ಉಂಡಿ ತಿಂದೇನು?"

"ಹೂಂ. ಎರಡೂ ತಿಂದೆ. ಭಾಳ ಚಲೋ ಇದ್ದವು ಆಯಿ."

ಮುದುಕಿಯ ಮುಖ ಅರಳಿತು. ಗೊಲ್ಲಾಳಪ್ಪ ಮಗಳನ್ನೇ ನೋಡಿದ. ಅವಳ ಕಣ್ಣು ಅಲುಗಲಿಲ್ಲ, ದನಿ ಜಾರಲಿಲ್ಲ. ದಿನವೆಲ್ಲ ಅವನು ಅವಳ ಬಾಯಲ್ಲಿ, ಚೀಲದಲ್ಲಿ ಹುಡುಕಿದ್ದ ಸುಳ್ಳು ಈಗ ಅವನೆದುರಿಗೇ, ಅವನ ಸಲುವಾಗಿಯೇ ಹೊರಬಿದ್ದಿತ್ತು. ಕೌಂಟರಿನಲ್ಲಿ ಕೂತಿದ್ದರೂ ಇದನ್ನು ಅವನು ಹಿಡಿಯುತ್ತಿರಲಿಲ್ಲ. ಎಲ್ಲಿ ಕಲಿತಳು ಇದನ್ನು? ಎಷ್ಟು ದಿನದಿಂದ ಹೀಗೆ ಹೇಳುತ್ತಿದ್ದಾಳೆ, ನೋವಿಲ್ಲ, ಹಸಿವಿಲ್ಲ, ನಗು ಬಂತು ಎಂದೆಲ್ಲ? ಕಾಟಾದ ಮೇಲೆ ನಿಂತು ನಕ್ಕದ್ದೂ ಇದೇ ಇರಬೇಕು ಎಂದು ಹೊಳೆದಾಗ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

"ತಿಂದಿಲ್ಲ ಯವ್ವಾ ಆಕಿ" ಎಂದ. "ಉಂಡಿ ನಾ ಕಸದ ಡಬ್ಬ್ಯಾಗ ಒಗದೆ. ಮಶೀನ ಕೆಟ್ಟಿದ್ದಿಲ್ಲ. ಮುಂಜಾನೆ ಹಾಲು ಬಾಳಿಹಣ್ಣು ನಾನ ಕೊಟ್ಟೆ. ತಪ್ಪು ನಂದೈತಿ. ಕೂಸು ಮುಂಜಾನಿಂದ ಹಸದೈತಿ."

ಸಾವಿತ್ರಿಬಾಯಿ ಅವನ ಕಡೆ ತಿರುಗಿದಳು. ಹಿಡಿಯಲ್ಲಿ ಉಪ್ಪು ಹಾಗೇ ಇತ್ತು. ಬಾಯಿ ಸೊಟ್ಟ ಮಾಡಿದಳು. "ಸಾಕು ಬಿಡಪಾ, ನನಗ ತಿಳೀತೈತಿ. ಮೊಹರು ಒಡದೆ ಅಂತ ಸಿಟ್ಟು. ನನ್ನ ಹೊಟ್ಟಿ ಉರಸಾಕ ಏನರ ಒಂದ ಹೇಳಬೇಕು ನಿನಗ. ಕೂಸು ತಿಂದೀನಿ ಅಂತ ತಾನ ಹೇಳಾಕತ್ತೈತಿ, ಅದರ ಮುಂದ ನಿಂದೇನು?"

"ಖರೇ ಹೇಳಾಕತ್ತೀನವ್ವಾ. ಕೇಳು ಬೇಕಾದ್ರ." ಅವನು ಮಗಳ ಕಡೆ ನೋಡಿದ.

"ಅಪ್ಪ ಸುಮ್ಮನ ಅಂತಾನ ಆಯಿ" ಎಂದಳು ಭಾಗ್ಯಶ್ರೀ.

ಅಜ್ಜಿ ಮೊಮ್ಮಗಳ ಸುತ್ತ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಮಂದಿಯ ಕಣ್ಣು, ಮನೆಯವರ ಕಣ್ಣು ಎಂದು ಬಾಯಲ್ಲೇ ಅನ್ನುತ್ತ ಒಲೆಯ ಕಡೆ ನಡೆದಳು. ಗೊಲ್ಲಾಳಪ್ಪ ಇನ್ನೊಮ್ಮೆ ಹೇಳಲು ಬಾಯಿ ತೆರೆದ. ತಾಯಿ ಆಗಲೇ ಒಳಗೆ ಹೋಗಿದ್ದಳು.